ಕಾಣೆಗೊಂದು ಅಳತೆಪಟ್ಟಿ

ಕರಾವಳಿಯ ಊರಿನಿಂದ ಸಿಡ್ನಿಗೆ ಬಂದ ನೆಂಟರನ್ನು ಇಲ್ಲಿನ ಬೋಟನಿ ಬೇ ಕೊಲ್ಲಿಯ ದಂಡೆಗೆ ಗಾಳ ಹಾಕಲು ಕರೆದೊಯ್ದರೆ ಒಂದು ಮಾತು ತಪ್ಪದೆ ಬರುತ್ತದೆ. 26 ಸೆಂಟಿಮೀಟರಿನ ಕಾಣೆ ಮೀನನ್ನು ಅಳತೆಪಟ್ಟಿಯ ಮೇಲೆ ಮಲಗಿಸಿ, ಅಳೆದು, ವಾಪಸ್ ನೀರಿಗೆ ಬಿಟ್ಟ ಕೂಡಲೇ: "ಎಂಥ ಮಾರಾಯ್ರೆ, ಕಾವಲಿಗೆ ಸರಿಯಾಗುವ ಮೀನನ್ನೇ ಬಿಟ್ರಲ್ಲ!"

ಇಲ್ಲಿ ಅದರ ಹೆಸರು ಸ್ಯಾಂಡ್ ವೈಟಿಂಗ್, ನಮ್ಮ ಕಾಣೆಯ ದಾಯಾದಿ. ಇಟ್ಟುಕೊಳ್ಳಬೇಕಾದರೆ ಮೂತಿಯಿಂದ ಬಾಲದ ತುದಿಯವರೆಗೆ 27 ಸೆಂ.ಮೀ. ಇರಬೇಕು, ಒಬ್ಬರಿಗೆ ಹೆಚ್ಚೆಂದರೆ 20 ಮೀನು. ಗಾಳ ಹಾಕಲು ವರ್ಷಕ್ಕೆ 35 ಡಾಲರ್, ಮೂರು ದಿನಕ್ಕಾದರೆ 7. ಸಮುದ್ರಕ್ಕೂ ದುಡ್ಡೇ ಎಂದು ನೆಂಟರು ಮತ್ತೆ ನಗುತ್ತಾರೆ. ಉಪ್ಪುನೀರಿಗೂ ಶುಲ್ಕ ಬಂದದ್ದು 2001ರಲ್ಲಿ. ಆ ಹಣದಿಂದಲೇ ಬಲೆಗಾರರಿಗೆ ಪರಿಹಾರ ಕೊಟ್ಟು ಬಲೆ ನಿಲ್ಲಿಸಿ, ಮರುವರ್ಷ ಬೋಟನಿ ಬೇ ಸೇರಿ 30 ಕಡೆ ಹವ್ಯಾಸಿಗಳಿಗೆಂದು ಮೀಸಲಿಟ್ಟರು. ಇವತ್ತು ಮೊಣಕಾಲುದ್ದದ ನೀರಿನಲ್ಲಿ ನಿಂತವನಿಗೂ ಅಲ್ಲಿ ಮೀನು ಸಿಗುತ್ತದೆ.

ಗಾಳಕ್ಕೆ ಸಿಕ್ಕಿಸುವ ಎರೆಯ ಕೆಲಸ ನೀರು ಇಳಿದಾಗ ಶುರು. ಮರಳಲ್ಲಿ ಪೆನ್ಸಿಲ್ ದಪ್ಪದ ತೂತು ಕಂಡಲ್ಲಿ ಮರಳು ಹೀರುವ ಕೈಪಂಪು ಊರಿ, ಅದೇ ತೂತಿನಲ್ಲಿ ಮೂರು ನಾಲ್ಕು ಸಲ ಎಳೆದರೆ ಒಂದು ಕೊಂಡಿ ದೊಡ್ಡದಿರುವ ನಿಪ್ಪರ್ ಸಿಗಡಿ ಹೊರಬೀಳುತ್ತದೆ. ಒಂದೇ ಬಾರಿ ಎಳೆದು ಮುಂದೆ ಹೋಗುವವರ ಬಕೆಟ್ ಖಾಲಿಯೇ. ಬಕೆಟ್ಟಿನ ನೀರು ಬಿಸಿಯಾದರೆ ಸಿಗಡಿ ಸಾಯುತ್ತದೆ, ಸತ್ತದ್ದು ಮೆತ್ತಗಾಗಿ ಎಸೆದ ಏಟಿಗೆ ಗಾಳ ಬಿಟ್ಟು ಹಾರುತ್ತದೆ. ನೀರು ಏರತೊಡಗಿದ ಮೊದಲ ಎರಡು ಗಂಟೆ ಒಳ್ಳೆಯ ಹೊತ್ತು. ಎರಡರಿಂದ ಮೂರು ಕಿಲೋ ತಡೆಯುವ ದಾರ, ಅದರಲ್ಲಿ ಸರಾಗ ಜಾರುವ ಸೀಸದ ಗುಂಡು, ಕೆಳಗೆ ಮುಕ್ಕಾಲು ಮೀಟರ್ ತೆಳು ದಾರ, 4 ಅಥವಾ 6ನೇ ನಂಬರಿನ ಉದ್ದ ಕಾಂಡದ ಗಾಳ. ಸಿಗಡಿಯನ್ನು ಬಾಲದಿಂದ ಪೋಣಿಸಿ, ಗಾಳದ ಮೊನೆಯನ್ನು ಅದರ ಕಾಲುಗಳ ನಡುವೆ ಹೊರಗೆ ತರಬೇಕು. ಎಸೆದು ಸುಮ್ಮನೆ ಕೂತರೆ ಆಗದು, ದಾರವನ್ನು ನಿಧಾನಕ್ಕೆ ಸುತ್ತುತ್ತಿರಬೇಕು. ಓಡುವ ಎರೆಯನ್ನು ಕಾಣೆ ಬೆನ್ನಟ್ಟುತ್ತದೆ. ಗುಂಡು ಭಾರವಾದರೆ ಮೀನಿಗೆ ಎಳೆತ ತಿಳಿದು ಉಗಿಯುತ್ತದೆ. ಮೊದಲ ಟಕಟಕಕ್ಕೇ ಜಗ್ಗಿದರೂ ಬರುವುದು ಬರಿಗಾಳ. ಕೋಲು ಬಾಗುವವರೆಗೆ ತಡೆಯಬೇಕು. ನಮ್ಮವರಿಗೆ ಆಗದ್ದು ಅದೊಂದೇ.

ಬಿಡುವಾಗಲೂ ಕ್ರಮವಿದೆ. ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು, ಒಣಗೈಗೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆ. ಗಾಳ ನುಂಗಿದ್ದರೆ ಕರುಳೆಳೆಯಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ.

ನಮ್ಮ ಅಳಿವೆಗಳಲ್ಲಿ ಬೆರಳುದ್ದದ ಕಾಣೆಯೂ ಚೀಲ ಸೇರುತ್ತದೆ. ಹವ್ಯಾಸಕ್ಕೆ ಗಾಳ ಹಾಕುವವರು, ಮನೆಯಲ್ಲಿ ಫ್ರಿಜ್ ತುಂಬ ಮೀನಿರುವವರು, ಅವರೂ ಬಿಡುವುದಿಲ್ಲ. ಹತ್ತು ರೂಪಾಯಿಯ ಸ್ಕೇಲು ಒಂದನ್ನು ಜೇಬಲ್ಲಿಟ್ಟರೆ ಏನು ಕಷ್ಟ? "ನಾನು ಬಿಟ್ಟರೆ ಇನ್ನೊಬ್ಬ ಹಿಡೀತಾನೆ" ಅನ್ನುತ್ತಾರೆ. ಅದನ್ನೇ ದಂಡೆಯುದ್ದಕ್ಕೂ ಎಲ್ಲರೂ ಹೇಳುತ್ತಾರೆ.

ಆದರೂ 27 ಸೆಂಟಿಮೀಟರನ್ನು ಹಾಗೆಯೇ ಊರಿಗೆ ಒಯ್ದರೆ ಯಾರ ಬಾಣಲೆಗೂ ಕಾಣೆ ಬೀಳಲಿಕ್ಕಿಲ್ಲ. ನಮ್ಮದು ಬೆಳೆದರೂ ಸಾಮಾನ್ಯವಾಗಿ ಒಂದು ಗೇಣು, ಇಲ್ಲಿನದು 40 ದಾಟುವ ಜಾತಿ. ಊರಿನ ಮೀನಿಗೆ ಊರಿನದೇ ಅಳತೆ ಬೇಕು. ಜೂನ್, ಜುಲೈ 61 ದಿನ ಮೀನುಗಾರಿಕೆ ನಿಷೇಧವಿದ್ದು ನಮ್ಮಲ್ಲೂ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ ಎನ್ನುವುದೂ ನಿಜ. ಮರಿಮೀನನ್ನು ಟನ್ನುಗಟ್ಟಲೆ ಮೀನುಹಿಟ್ಟಿನ ಕಾರ್ಖಾನೆಗೆ ಕಳಿಸುವುದಂತೂ ಗಾಳದವರಲ್ಲ.

ಇನ್ನೊಂದನ್ನೂ ಒಪ್ಪಬೇಕು. ಇಲ್ಲಿ ಇನ್ನೂರು ಡಾಲರಿನ ಕೋಲು ಹಿಡಿದವರಿಗೂ ಕಚ್ಚಿದ್ದು ಏಡಿಯೋ ಕಾಣೆಯೋ ಎಂದು ಎಳೆದ ಮೇಲೆಯೇ ಗೊತ್ತಾಗುವುದು. ಗಂಗೊಳ್ಳಿ ಅಳಿವೆಯಲ್ಲಿ ನೀರಿನ ಬಾಟಲಿಗೆ ದಾರ ಸುತ್ತಿ, ತೋರುಬೆರಳ ಮೇಲೆ ಹಾಯಿಸಿಕೊಂಡು ಕೂತ ಅಜ್ಜಯ್ಯ ಎಳೆಯುವ ಮೊದಲೇ ಹೇಳುತ್ತಾರೆ.