ಗ್ರಾಹಕರನ್ನು ದೂರುವ ಅಂಗಡಿ

ಬಾಗಿಲಲ್ಲಿ ರಿಯಾಯಿತಿಯ ಫಲಕ ತೂಗುತ್ತಿದೆ, ಒಳಗೆ ಆ ಸರಕೇ ಇಲ್ಲ. ನಮ್ಮ ಭಾಗದ ದಿನಸಿ ಮಳಿಗೆಗಳ ಸರಣಿ ಈ ಸ್ಥಿತಿಗೆ ಇಳಿದಿರುವುದನ್ನು ಕಂಡು ಇನ್ನು ಸುಮ್ಮನಿರಲಾಗುತ್ತಿಲ್ಲ. ಕಪಾಟಿನ ಚೀಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ಸಾಲಾಗಿ ಕೌಂಟರುಗಳಿದ್ದರೂ ತೆರೆದಿರುವುದು ಒಂದೇ, ಅದರ ಮುಂದೆ ಮುಗಿಯದ ಸರದಿ. ಅವಧಿ ಮುಗಿಯಲಿರುವ ಪೊಟ್ಟಣಗಳೇ ಕೈಗೆ ಮೊದಲು ಸಿಗುತ್ತವೆ. ಕೇಳೋಣವೆಂದರೆ ಸಿಬ್ಬಂದಿ ಎಲ್ಲಿದ್ದಾರೆ? ಇರುವ ಒಬ್ಬಿಬ್ಬರ ಮೇಲೆ ಇಡೀ ಮಳಿಗೆಯ ಭಾರವನ್ನು ಹೊರಿಸಲಾಗಿದೆ, ಪಾಪ, ಅವರನ್ನು ಬೈಯುವುದು ಅನ್ಯಾಯ.

ಇಷ್ಟಾದರೂ ಜನ ದೊಡ್ಡ ಮಳಿಗೆಗಳಿಗೆ ಓಡುತ್ತಾರೆ, ಅವರಿಗೆ ನಿಷ್ಠೆಯಿಲ್ಲ ಎಂದು ಆಡಳಿತ ದೂರುತ್ತದೆ. ಬೇಕಾದ ವಸ್ತು, ನಂಬಬಹುದಾದ ಬೆಲೆ, ಸ್ವಚ್ಛ ನೆಲ ಇವನ್ನು ಬಯಸುವುದು ದ್ರೋಹವೇ? 1930ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 16,000 ಮಳಿಗೆಗಳನ್ನು ಹೊಂದಿದ್ದ ಎ ಅಂಡ್ ಪಿ ಎಂಬ ದಿನಸಿ ಸರಣಿ ಕೂಡ ಕುಗ್ಗುತ್ತಾ ಬಂದು, 2015ರಲ್ಲಿ ಎರಡನೆಯ ಬಾರಿ ದಿವಾಳಿ ಅರ್ಜಿ ಸಲ್ಲಿಸಿ ಇಲ್ಲವಾಯಿತು. ಹಾಗಿರುವಾಗ ಈ ಸಣ್ಣ ಸರಣಿಗೆ ಇಷ್ಟೊಂದು ಉದಾಸೀನ ಎಲ್ಲಿಂದ ಬಂತು? ನಡೆದೇ ಹೋಗಬಹುದಾದ ಅಂತರದಲ್ಲಿರುವ ಅಂಗಡಿಯನ್ನು ದಾಟಿಕೊಂಡು ದೂರದ ಮಳಿಗೆಗೆ ಹೋಗುವ ದುರವಸ್ಥೆ ನಮಗೇಕೆ?