ಎನಿಡ್ ಬಾಯಿಯವರಿಗೆ ಕ್ಯಾರೆಕ್ಟರ್ ಸರ್ಟಿಫಿಕೇಟ್

ಇಂಗ್ಲೆಂಡಿನಲ್ಲಿ ಒಂದು ಮೊಲಕ್ಕೆ ನಾಣ್ಯ ಸಿಕ್ಕಿತು, ಮಕ್ಕಳ ಕಥೆಗಾರ್ತಿ ಎನಿಡ್ ಬ್ಲೈಟನ್‌ಗೆ ಸಿಗಲಿಲ್ಲ. ಇದು ಜೋಕ್ ಅಲ್ಲ. ಆ ಮೊಲದ ಕಥೆ ಬರೆದ ಬಿಯಾಟ್ರಿಕ್ಸ್ ಪಾಟರ್ ಹುಟ್ಟಿ 150 ವರ್ಷ ಆಯಿತು ಅಂತ 2016ರಲ್ಲಿ ಅಲ್ಲಿನ ಸರ್ಕಾರಿ ಟಂಕಸಾಲೆ ರಾಯಲ್ ಮಿಂಟ್ ಪೀಟರ್ ರ್‍ಯಾಬಿಟ್ ಚಿತ್ರ ಹಾಕಿ 50 ಪೆನ್ನಿ ನಾಣ್ಯ ಬಿಟ್ಟಿತು. ಅದೇ ವರ್ಷ ಅದೇ ಮಿಂಟಿನ ಸಲಹಾ ಸಮಿತಿ ಕೂತು, 2018ಕ್ಕೆ ಬ್ಲೈಟನ್ ತೀರಿಕೊಂಡು 50 ವರ್ಷ ಆಗುತ್ತದೆ, ಅವರದ್ದೂ ಒಂದು ನಾಣ್ಯ ಹಾಕೋಣವೇ ಅಂತ ಚರ್ಚೆ ಮಾಡಿ, ಜನ ಬೈತಾರೆ ಅಂತ ಹೆದರಿ ಕೈಬಿಟ್ಟಿತು. ಆ ಸಭೆಯ ನಡಾವಳಿ 2019ರಲ್ಲಿ ಒಂದು ಪತ್ರಿಕೆಗೆ ಸಿಕ್ಕಿತು. ಈಕೆ ಜನಾಂಗದ್ವೇಷಿ, ಹೆಣ್ಣುಮಕ್ಕಳನ್ನು ಕೀಳಾಗಿ ಕಂಡವರು, ಸಲಿಂಗಿಗಳನ್ನು ಸಹಿಸದವರು, ಮೇಲಾಗಿ ಅಷ್ಟೇನೂ ಒಳ್ಳೇ ಹೆಸರಿರುವ ಲೇಖಕಿಯೂ ಅಲ್ಲ ಅಂತ ಅದರಲ್ಲಿತ್ತು.

ಆ ಕಡೆಯ ಬಾಲ ನೋಡಿ. ಮೊದಲ ಮೂರು ಆರೋಪ ನಿಜವಾಗಿದ್ದರೆ ನಾಲ್ಕನೆಯದು ಯಾಕೆ ಬೇಕಿತ್ತು? ಬರವಣಿಗೆ ಚೆನ್ನಾಗಿದ್ದಿದ್ದರೆ ಮೂರನ್ನೂ ಮಾಫಿ ಮಾಡುತ್ತಿದ್ದರೋ ಏನೋ. ಇನ್ನು ಆ ಮೊಲವೋ, ಅಮ್ಮ ಬೇಡ ಬೇಡ ಅಂದರೂ ಪರರ ತೋಟಕ್ಕೆ ನುಗ್ಗಿ ಮೂಲಂಗಿ ಕದ್ದು ತಿಂದ ಮೊಲ. ಅದಕ್ಕೆ ಯಾರೂ ಪೊಲೀಸ್ ವೆರಿಫಿಕೇಶನ್ ಮಾಡಿಸಲಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳಿರುವ ಮನೆಗೆ ಎನಿಡ್ ಬ್ಲೈಟನ್ ಹೊಸಬರೇನಲ್ಲ. ನಮ್ಮ ಕಡೆ ಗೌರವದ ಹೆಂಗಸರಿಗೆ ಬಾಯಿ ಅನ್ನುವುದು ವಾಡಿಕೆ, ಹಾಗಾಗಿ ನಾನು ಎನಿಡ್ ಬಾಯಿಯವರು ಅಂತಲೇ ಕರೆಯುತ್ತೇನೆ. 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬಾಯಿಯವರು 1968ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬರೆದದ್ದು 700ರ ಆಚೆಈಚೆ ಪುಸ್ತಕ. ಮಕ್ಕಳ ಪತ್ತೇದಾರಿ ಸರಣಿಗಳಾದ ಫೇಮಸ್ ಫೈವ್ 21, ಸೀಕ್ರೆಟ್ ಸೆವೆನ್ 15, ಅದರ ಮೇಲೆ ನಾಡಿ ಅನ್ನುವ ಮರದ ಗೊಂಬೆ ಹುಡುಗ, ಮಾಯದ ಮರ, ಹಾಸ್ಟೆಲ್ ಹುಡುಗಿಯರು. ಮಾರಾಟವಾದ ಪ್ರತಿಗಳು 60 ಕೋಟಿ ದಾಟಿವೆ ಅನ್ನುತ್ತಾರೆ. ಬೆಳಿಗ್ಗೆ ತಿಂಡಿ ಮುಗಿಸಿ ತೊಡೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕೂತರೆ ದಿನಕ್ಕೆ ಆರು ಸಾವಿರ ಪದ, ಕೆಲವು ದಿನ ಇನ್ನೂ ಜಾಸ್ತಿ. ಒಬ್ಬರೇ ಇಷ್ಟು ಬರೆಯಲು ಸಾಧ್ಯವೇ ಇಲ್ಲ, ಒಳಗೆ ಬಾಡಿಗೆ ಬರಹಗಾರರು ಇದ್ದಾರೆ ಅಂತ ಸುದ್ದಿ ಹಬ್ಬಿತು. ಅದನ್ನೇ ಆಡಿದ ಒಬ್ಬ ಲೈಬ್ರರಿಯವರನ್ನು ಬಾಯಿಯವರು 1955ರಲ್ಲಿ ಕೋರ್ಟಿಗೆ ಎಳೆದು, ಕ್ಷಮೆ ಕೇಳಿಸಿಯೇ ಬಿಟ್ಟರು. ನಮ್ಮ ಧಾರವಾಡದ ಮಂದಿಗೆ ಇದು ಅರ್ಥವಾಗುವುದು ಕಷ್ಟ. ಇಲ್ಲಿ ಒಂದು ತೆಳ್ಳನೆ ಕವನ ಸಂಕಲನಕ್ಕೆ ಎರಡು ಬಿಡುಗಡೆ, ಒಂದು ಸಂವಾದ, ಒಂದು ಅಭಿನಂದನೆ, ಆಮೇಲೆ ಐದು ವರ್ಷ ವಿಶ್ರಾಂತಿ.

ಮಕ್ಕಳು ಮುಗಿಬಿದ್ದು ಓದಿದರು. ಅಲ್ಲಿಗೆ ದೊಡ್ಡವರಿಗೆ ಅನುಮಾನ ಶುರುವಾಯಿತು. 1930ರ ದಶಕದಿಂದ 1950ರ ದಶಕದವರೆಗೂ ಬಿಬಿಸಿ ಈಕೆಯ ಕಥೆಗಳನ್ನು ರೇಡಿಯೋದಲ್ಲಿ ಹತ್ತಿರ ಸೇರಿಸಲಿಲ್ಲ. ಆಗಿನ ತಕರಾರು ಏನು ಗೊತ್ತಾ? ಜನಾಂಗದ್ವೇಷ ಅಲ್ಲ, ಹೆಣ್ಣು-ಗಂಡು ಭೇದ ಅಲ್ಲ. ಸಾಹಿತ್ಯದ ಗುಣ ಸಾಲದು, ಅಷ್ಟೇ. ಲೈಬ್ರರಿಯವರದ್ದೂ ಅದೇ ರಾಗ: ಪದಗಳು ಕಡಿಮೆ, ವಾಕ್ಯ ಸಲೀಸು, ಕಥೆ ಅದದೇ. ಒಟ್ಟಿನಲ್ಲಿ ಮಕ್ಕಳಿಗೆ ಸುಲಭವಾಗಿ ತಿಳಿಯುವ ಹಾಗೆ ಬರೆದದ್ದೇ ಮಕ್ಕಳ ಲೇಖಕಿಯ ಮೇಲಿನ ಮೊದಲ ಕೇಸು.

ಎರಡನೇ ಕೇಸು ಮಾತ್ರ ಗಟ್ಟಿ. ಅಲ್ಲಿ ನಾನು ಬಾಯಿಯವರ ವಕೀಲಿಕೆ ಮಾಡುವುದಿಲ್ಲ. ಅವರದ್ದೊಂದು ಕಥೆ ಇದೆ, ಕಪ್ಪು ಗೊಂಬೆಯದು. ಗೊಂಬೆಯ ಮುಖ ಕಪ್ಪು ಅಂತ ಅದರ ಒಡತಿಗೂ ಬೇಡ, ಉಳಿದ ಆಟಿಕೆಗಳಿಗೂ ಬೇಡ. ಅದು ಮನೆ ಬಿಟ್ಟು ಹೋಗುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಬಣ್ಣ ತೊಳೆದು ಹೋಗಿ ಮುಖ ಗುಲಾಬಿಯಾಗುತ್ತದೆ, ಆಮೇಲೆ ಎಲ್ಲರಿಗೂ ಬೇಕಾಗುತ್ತದೆ. ಸುಖಾಂತ್ಯ! ನಾಡಿಯ 1951ರ ಪುಸ್ತಕವೊಂದರಲ್ಲಿ ಕಾಡಿನೊಳಗೆ ಅವನ ಕಾರು, ಬಟ್ಟೆ ಕಿತ್ತುಕೊಳ್ಳುವವರು ಕರೀ ಮುಖದ ಗಾಲಿವಾಗ್ ಗೊಂಬೆಗಳು. ಆ ಕಾಲವೇ ಹಾಗಿತ್ತು ಬಿಡ್ರಿ ಅನ್ನುವವರು ಜಗ್ಗಿ ಮಂದಿ ಇದ್ದಾರೆ. ಆದರೆ 1960ರಲ್ಲೇ ಮ್ಯಾಕ್‌ಮಿಲನ್ ಪ್ರಕಾಶನ ಈಕೆಯ ಒಂದು ಹಸ್ತಪ್ರತಿಯನ್ನು, ಇದರಲ್ಲಿ ಪರದೇಶದವರನ್ನು ಕಂಡರೆ ಆಗದ ವಾಸನೆ ಇದೆ ಅಂತ ತಿರಸ್ಕರಿಸಿತ್ತು. ಆ ಗೊಂಬೆಯ ಕಥೆಯನ್ನು 1966ರಲ್ಲೇ ಗಾರ್ಡಿಯನ್ ಪತ್ರಿಕೆಯಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. ಬಾಯಿಯವರು ಇನ್ನೂ ಬದುಕಿದ್ದರು. ಅಂದರೆ ಕಾಲಕ್ಕೆ ಕಣ್ಣು ಇತ್ತು. ನೋಡಿಯೂ ಮಾರಿದರು, ಯಾಕೆಂದರೆ ಮಾರಾಟ ಚಲೋ ಇತ್ತು.

ತಪ್ಪು ಅಂತ ಗೊತ್ತಾದ ಮೇಲೆ ಅದನ್ನು ಸರಿಪಡಿಸಿದ ರೀತಿ ಇದೆಯಲ್ಲ, ಅದಕ್ಕೆ ಬಹುಮಾನ ಕೊಡಬೇಕು. ಗಾಲಿವಾಗ್‌ಗಳನ್ನು ತೆಗೆದು ಅದೇ ಜಾಗಕ್ಕೆ ಗಾಬ್ಲಿನ್ ಅನ್ನುವ ಕುಳ್ಳ ಭೂತಗಳನ್ನು ತಂದರು. ಕಳ್ಳತನ ಅದೇ, ಕಾಡು ಅದೇ, ಕಾರೂ ಅದೇ. ಭೂತಗಳಿಗೆ ಸಂಘ ಇಲ್ಲ, ಧರಣಿ ಕೂರುವುದಿಲ್ಲ, ಮನವಿ ಪತ್ರ ಕೊಡುವುದಿಲ್ಲ. ಮಾಯದ ಮರದ ಕಥೆಗಳಲ್ಲಿ ಡಿಕ್ ಹೋಗಿ ರಿಕ್ ಆದ, ಫ್ಯಾನಿ ಹೋಗಿ ಫ್ರ್ಯಾನಿ ಆದಳು. ಮಕ್ಕಳ ಕೆನ್ನೆಗೆ ಬಾರಿಸುತ್ತಿದ್ದ ಡೇಮ್ ಸ್ಲ್ಯಾಪ್ ಎಂಬ ಮಾಸ್ತರಬಾಯಿ ಡೇಮ್ ಸ್ನ್ಯಾಪ್ ಆಗಿ, ಈಗ ಬರೀ ರೇಗುತ್ತಾಳೆ. 2010ರಲ್ಲಿ ಪ್ರಕಾಶಕರು ಫೇಮಸ್ ಫೈವ್‌ಗೆ ಕೈ ಹಾಕಿ, ಹಳೇ ಕಾಲದ ಮಾತುಗಳನ್ನೆಲ್ಲ ತೆಗೆದು ಇವತ್ತಿನ ಹುಡುಗರ ಮಾತು ತುಂಬಿದರು. ಮದರ್, ಫಾದರ್ ಹೋಗಿ ಮಮ್, ಡ್ಯಾಡ್ ಬಂದರು. ಹೋದಲ್ಲೆಲ್ಲ ಅಡುಗೆ, ಪಾತ್ರೆ, ಓರಣ ಅಂತ ಒದ್ದಾಡುವ, ಆ ಐವರಲ್ಲೊಬ್ಬಳಾದ ಆನ್‌ಗೆ ಮಾತ್ರ ಯಾರೂ ರಜೆ ಕೊಡಲಿಲ್ಲ. ಆರು ವರ್ಷ ಆದ ಮೇಲೆ, 2016ರಲ್ಲಿ, ಓದುಗರಿಗೆ ಇದು ಹಿಡಿಸಲಿಲ್ಲ ಅಂತ ಅದೇ ಪ್ರಕಾಶಕರು ಹಳೇ ಮಾತುಗಳಿಗೇ ವಾಪಸ್ ಬಂದರು. ಪದ ಬಡತನ ಅಂತ ಒಂದು ಕಾಲದಲ್ಲಿ ಬಾಗಿಲು ಹಾಕಿಸಿಕೊಂಡ ಲೇಖಕಿಯ ಪದಗಳಿಗೆ ಎಂಥಾ ಬೆಲೆ ಬಂತು ಅಂತೀರಿ.

ಬಾಯಿಯವರು ಹರೆಯದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ ಚೆಸಿಂಗ್ಟನ್ ಮನೆಗೆ 1997ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯವರು ಹೆಸರಾಂತರು ಇದ್ದ ಮನೆಗೆ ಹಾಕುವ ನೀಲಿ ಫಲಕ ಬಿತ್ತು. 2021ರಲ್ಲಿ ಆ ಫಲಕದ ವಿವರಕ್ಕೆ ಜನಾಂಗದ್ವೇಷದ ಆರೋಪ, ಸಾಹಿತ್ಯಗುಣದ ಕೊರತೆ ಎರಡನ್ನೂ ಸೇರಿಸಿದ ಸುದ್ದಿ ಬಂದು ಗಲಾಟೆಯಾಯಿತು. ಫಲಕ ಕೀಳುವುದಿಲ್ಲ ಅಂತ ಅವರು ಹೇಳಬೇಕಾಯಿತು. ಸನ್ಮಾನ ಪತ್ರದ ಕೆಳಗೇ ಷೋಕಾಸ್ ನೋಟಿಸು.

ಇಲ್ಲಿ ನಾವು ಜಾಸ್ತಿ ನಗಬಾರದು. ಕಪ್ಪು ಗೊಂಬೆಯ ಕಥೆ ಕೇಳಿ ಛೇ ಛೇ ಅನ್ನುವ ನಮ್ಮ ಊರಿನ ಮನೆಗಳಲ್ಲೇ ವಧುವಿನ ಬಯೋಡಾಟಾದಲ್ಲಿ ಬಣ್ಣಕ್ಕೆ ಒಂದು ಸಾಲು ಇರುತ್ತದೆ. ಎಷ್ಟೇ ಕಪ್ಪಿದ್ದರೂ ಅಲ್ಲಿ ಗೋಧಿ ಬಣ್ಣ. ನಮ್ಮಲ್ಲಿ ಬಣ್ಣ ತೊಳೆಯಲು ಮಳೆಗೆ ಕಾಯುವ ಪೈಕಿ ಯಾರೂ ಇರಲಿಲ್ಲ, ಮೂಲೆಯ ಕಿರಾಣಿ ಅಂಗಡಿಯಲ್ಲೇ ಟ್ಯೂಬ್ ಸಿಗುತ್ತಿತ್ತು. 2020ರಲ್ಲಿ ಜಗತ್ತಿನ ಕಡೆಯಿಂದ ಒತ್ತಡ ಬಂದಾಗ ಫೇರ್ ಆ್ಯಂಡ್ ಲವ್ಲಿ ಏನು ಮಾಡಿತು? ಗ್ಲೋ ಆ್ಯಂಡ್ ಲವ್ಲಿ ಅಂತ ಹೆಸರು ಬದಲಿಸಿಕೊಂಡು ಅದೇ ಶೆಲ್ಫಿನಲ್ಲಿ ಕೂತಿತು. ಡಿಕ್ ಹೋದ, ರಿಕ್ ಬಂದ.

ಈಗ ನಮ್ಮೂರಿನ ಸಮಿತಿಗೆ ಬರೋಣ. ಹುಬ್ಬಳ್ಳಿಯ ಒಂದು ಶಾಲೆ, ಹೆಸರು ಬೇಡ, ಲೈಬ್ರರಿಗೆ ಪುಸ್ತಕ ಆರಿಸಲು ಪಾಲಕರನ್ನು ಕರೆದಿತ್ತು. ಚಹಾ, ಚೂಡಾ, ಮೇಲೆ ಫ್ಯಾನು. ಅಮರಗೋಳ ಎಪಿಎಂಸಿಯ ಒಬ್ಬ ಅಡತಿ ಸಾಹುಕಾರರು, ಒಬ್ಬ ಡಾಕ್ಟರು, ಒಬ್ಬ ನಿವೃತ್ತ ಹೆಡ್‌ಮಾಸ್ತರು, ಶಾಲೆಯ ಖಜಾಂಚಿ, ಜೊತೆಗೆ ಏನಾದರೂ ಬರೆಯುತ್ತಾನೆ ಅನ್ನುವ ತಪ್ಪಿಗೆ ನಾನು. ಹತ್ತು-ಹನ್ನೆರಡು ವರ್ಷದ, ಅಂದರೆ ಆ ಪುಸ್ತಕ ಓದುವ ವಯಸ್ಸಿನ ಪ್ರಾಣಿ ಒಂದೂ ಇರಲಿಲ್ಲ. ಅವರಿಗೆ ಆಗ ಯೂನಿಟ್ ಟೆಸ್ಟ್ ನಡೆದಿತ್ತು.

ಸಾಹುಕಾರರು ಸಾಕ್ಷ್ಯ ಸಮೇತ ಬಂದಿದ್ದರು. ಮಗಳ ಫೇಮಸ್ ಫೈವ್ ಪ್ರತಿಯನ್ನು ಟೇಬಲ್ ಮೇಲೆ ಇಟ್ಟು, "ಇದರಾಗ ಹುಡುಗ್ರು ಬಿಯರ್ ಕುಡೀತಾವ್ರಿ, ನಾ ಗೆರಿ ಹೊಡದೇನಿ, ನೋಡ್ರಿ ಇಲ್ಲಿ" ಅಂದರು.

"ಅದು ಜಿಂಜರ್ ಬಿಯರ್, ಶುಂಠಿ ಸೋಡಾ ಇದ್ದಂಗ ರೀ ಸಾಹುಕಾರ್ರ, ನಶಾ ಇರೂದಿಲ್ಲ" ಅಂದೆ.

"ಹೆಸರಿನ್ಯಾಗ ಬಿಯರ್ ಐತೋ ಇಲ್ಲೋ, ಅಷ್ಟ ಹೇಳ್ರಿ."

ಇದೆ ಅಂತ ಒಪ್ಪಿಕೊಂಡೆ. ನಡಾವಳಿಯಲ್ಲಿ ಮದ್ಯಪಾನ ಅಂತ ಬರೆದುಕೊಂಡರು. ಹಂದಿ ಮಾಂಸದ ಸ್ಯಾಂಡ್‌ವಿಚ್ ವಿಷಯ ಯಾರೂ ಎತ್ತಲಿಲ್ಲ, ನಾನೂ ಸುಮ್ಮನಿದ್ದೆ.

ಆ ಪ್ರತಿಯನ್ನು ತಿರುವಿ ಹಾಕಿದೆ. ರಟ್ಟು ಕಿತ್ತು ಬಂದಿದೆ, ನಡುವಿನ ಪುಟಗಳಲ್ಲಿ ಮಿರ್ಚಿ ಭಜಿ ತಿಂದ ಬೆರಳಿನ ಎಣ್ಣೆ. ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಒಂದು ನಕ್ಷೆ. ಉಣಕಲ್ ಕೆರೆ, ಅದರ ನಡುವೆ ವಿವೇಕಾನಂದರ ಪ್ರತಿಮೆ ನಿಂತ ಜಾಗ, ದಂಡೆಯಿಂದ ಅಲ್ಲಿಗೆ ಚುಕ್ಕೆ ಚುಕ್ಕೆಯ ದಾರಿ, ಪ್ರತಿಮೆಯ ಬುಡದಲ್ಲಿ ದಪ್ಪಗೆ ಒಂದು ಗುಣಿಸು ಗುರುತು. ನಿಧಿ ಅಲ್ಲೇ ಇದೆ. ದಂಡೆಯಲ್ಲಿ ಒಂದು ನಾಯಿಯನ್ನೂ ಕಾವಲಿಗೆ ನಿಲ್ಲಿಸಿದ್ದಳು. ಸಾಹುಕಾರರಿಗೆ ತೋರಿಸಿದೆ. "ಪುಸ್ತಕದಾಗೆಲ್ಲಾ ಗೀಚಿ ಇಟ್ಟಾಳ್ರಿ, ಮನಿಗೆ ಹೋಗಿ ಹೇಳ್ತೀನಿ" ಅಂದರು.

ನನ್ನ ಪ್ರಕಾರ ಬಾಯಿಯವರ ಮೇಲೆ ದೊಡ್ಡವರಿಗೆ ಇರುವ ಖರೇ ಸಿಟ್ಟು ಬೇರೆಯೇ ಇದೆ. ಕಥೆ ಶುರುವಾಗಿ ಸ್ವಲ್ಪ ಹೊತ್ತಿಗೆ ಅಪ್ಪ-ಅಮ್ಮ ಎಲ್ಲಿಗೋ ಹೊರಟುಬಿಡುತ್ತಾರೆ. ಚಿಕ್ಕಪ್ಪ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಬುತ್ತಿ ಕಟ್ಟಿಕೊಂಡು ಹೋದ ಮಕ್ಕಳನ್ನು ಕತ್ತಲಾಗುವವರೆಗೆ ಯಾರೂ ಕೇಳುವುದಿಲ್ಲ. ಟ್ಯೂಷನ್ ಇಲ್ಲ, ಅಬ್ಯಾಕಸ್ ಇಲ್ಲ, ಎಲ್ಲಿದ್ದೀಯಾ ಅಂತ ಫೋನಿಲ್ಲ. ಕಳ್ಳರನ್ನು ಹಿಡಿಯುವುದೂ ಮಕ್ಕಳೇ. ದೊಡ್ಡವರು ಬರುವುದು ಕೊನೆಯಲ್ಲಿ, ಭೇಷ್ ಅನ್ನಲಿಕ್ಕೆ. ಇಂಥ ಕಥೆಯನ್ನು ಯಾವ ಪಾಲಕರ ಸಮಿತಿ ತಾನೇ ಪಾಸು ಮಾಡೀತು?

ಅಷ್ಟರಲ್ಲಿ ಡಾಕ್ಟರು ಮೊಬೈಲ್ ತೆಗೆದು ನಾಣ್ಯದ ವಿಷಯ ಓದಿ ಹೇಳಿದರು. ಹೆಡ್‌ಮಾಸ್ತರು ಗಂಭೀರವಾಗಿ, "ಅದಿರಲಿ, ತಾಯಿಯಾಗಿ ಹೆಂಗಿದ್ರು ಅವರು?" ಅಂತ ಕೇಳಿದರು. ಇದಕ್ಕೆ ಉತ್ತರ ಸುಲಭ ಇಲ್ಲ. ಬಾಯಿಯವರಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವರಾದ ಇಮೋಜನ್ 1989ರಲ್ಲಿ ತಮ್ಮ ಬಾಲ್ಯದ ಪುಸ್ತಕ ಬರೆದು, ತಾಯಿಗೆ ಅಹಂಕಾರ ಜಾಸ್ತಿ, ತಾಯ್ತನದ ಗಂಧ ಇರಲಿಲ್ಲ ಅನ್ನುವ ಅರ್ಥದಲ್ಲಿ ಹೇಳಿದರು. ಹಿರಿಯವರಾದ ಜಿಲಿಯನ್, ನಮ್ಮಮ್ಮ ನ್ಯಾಯವಂತೆ, ಪ್ರೀತಿಯ ತಾಯಿ ಅಂದರು. ಒಂದೇ ಮನೆ, ಒಂದೇ ತಾಯಿ. ಕೇಳಿದ ಸಮಿತಿ ಕಿರಿಯವರ ಹೇಳಿಕೆಯನ್ನು ಮಾತ್ರ ಬರೆದುಕೊಂಡಿತು. ಅದು ಪುಸ್ತಕವಾಗಿ ಬಂದಿದೆಯಲ್ಲ, ದಾಖಲೆ ಇದೆ.

"ಹಂಗಾರ ಈ ಇಂಗ್ಲಿಷರ ಉಸಾಬರಿನ ಬ್ಯಾಡ, ಕನ್ನಡದ್ದು ತಗೊಳ್ಳೋಣು" ಅಂದರು ಸಾಹುಕಾರರು. ಎಲ್ಲರೂ ಟೇಬಲ್ ತಟ್ಟಿದರು. ಯಾರದ್ದು ತಗೊಳ್ಳೋಣ ಅಂದೆ. ಫ್ಯಾನಿನ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರು ಪಂಚತಂತ್ರ ಅಂದರು. ಹೆಡ್‌ಮಾಸ್ತರು ಮಾತ್ರ ಜಿ.ಪಿ. ರಾಜರತ್ನಂ ಹೆಸರು ಹೇಳಿದರು, ತುತ್ತೂರಿ ಪದ್ಯ ಎಲ್ಲರಿಗೂ ನೆನಪಾಗಿ ಮುಖ ಅರಳಿತು. ಮಕ್ಕಳಿಗೆ ತುತ್ತೂರಿ ಕೊಟ್ಟ ರಾಜರತ್ನಂ ಅವರೇ ಹೆಂಡಗುಡುಕ ರತ್ನನ ಪದಗಳನ್ನೂ ಬರೆದವರು ಅನ್ನುವುದು ನನ್ನ ನಾಲಿಗೆ ತುದಿಗೆ ಬಂದಿತ್ತು. ಶುಂಠಿ ಸೋಡಾಕ್ಕೇ ಇಷ್ಟು ನಡಾವಳಿ ಆಗಿದೆ, ಪಾಪ ಅವರನ್ನು ಯಾಕೆ ಸಿಕ್ಕಿಸಬೇಕು ಅಂತ ಚೂಡಾ ಬಾಯಿಗೆ ಹಾಕಿಕೊಂಡೆ. ಕನ್ನಡದ ಮಕ್ಕಳ ಲೇಖಕರಿಗೆ ನಾವು ನಿಷೇಧ ಹಾಕುವುದಿಲ್ಲ, ತಿದ್ದುಪಡಿಯನ್ನೂ ಮಾಡುವುದಿಲ್ಲ. ಎರಡಕ್ಕೂ ಮೊದಲು ಓದಬೇಕಾಗುತ್ತದೆ.

ಕಡೆಗೆ ಡಾಕ್ಟರೇ ದಾರಿ ತೋರಿಸಿದರು. ಬ್ಲೈಟನ್ ಬೇಡ, ರೋಲ್ಡ್ ಡಾಲ್ ತಗೊಳ್ಳೋಣ, ಚಾಕೊಲೇಟ್ ಫ್ಯಾಕ್ಟರಿ ಎಷ್ಟು ಚೆಂದ ಇದೆ. ನಾನು ತಡೆಯಲಾರದೆ ಹೇಳಿದೆ: ಡಾಲ್ ಅವರು ಯೆಹೂದ್ಯರ ಬಗ್ಗೆ ಆಡಿದ ಮಾತಿಗೆ 2020ರಲ್ಲಿ ಅವರ ಮನೆಯವರೇ ಕ್ಷಮೆ ಕೇಳಿದ್ದಾರೆ. 2023ರಲ್ಲಿ ಪಫಿನ್ ಪ್ರಕಾಶನ ಅವರ ಪುಸ್ತಕಗಳಲ್ಲಿ ನೂರಾರು ಕಡೆ ಪದ ಬದಲಿಸಿದ್ದು ಗೊತ್ತಾಗಿ ಜಗಳವೋ ಜಗಳ. ಡುಮ್ಮ ಅನ್ನಬಾರದು ಅಂತ ಆ ಪದ ತೆಗೆದಿದ್ದರು. ಚಾಕೊಲೇಟ್ ಫ್ಯಾಕ್ಟರಿಯ ಆ ಹುಡುಗ ಮಾತ್ರ ಅಷ್ಟೇ ತಿನ್ನುತ್ತಾನೆ, ಅಷ್ಟೇ ದಪ್ಪ ಇದ್ದಾನೆ. ಸಲ್ಮಾನ್ ರಶ್ದಿ ಕೂಡ ಇದು ಸೆನ್ಸಾರ್‌ಶಿಪ್ ಅಂತ ಬೈದರು. ಪಫಿನ್‌ನವರು ಒಂದು ವಾರ ತಡೆದು ಜಾಣತನದ ತೀರ್ಮಾನ ಮಾಡಿದರು: ತಿದ್ದಿದ್ದೂ ಇರಲಿ, ಹಳೆಯ ಪಠ್ಯದ 17 ಪುಸ್ತಕಗಳೂ ಕ್ಲಾಸಿಕ್ ಅನ್ನುವ ಹೆಸರಿನಲ್ಲಿ ಬೇರೆಯಾಗಿ ಬರಲಿ. ಬೈಯುವವರಿಗೊಂದು ಆವೃತ್ತಿ, ಬೈದವರನ್ನು ಬೈಯುವವರಿಗೊಂದು. ಗಲ್ಲಾ ಒಂದೇ.

ಡಾಕ್ಟರು ತಲೆ ಕೆರೆದುಕೊಂಡರು. ಹೆಡ್‌ಮಾಸ್ತರು ಇದನ್ನು ಮುಂದಿನ ಸಭೆಗೆ ಇಡೋಣ ಅಂದರು. ಅಲ್ಲಿಯವರೆಗೂ ಬಾಯಿ ಬಿಡದೆ ಕೂತಿದ್ದ ಖಜಾಂಚಿ ಮಾತ್ರ ಕ್ಯಾಲ್ಕುಲೇಟರ್ ಹೊರತೆಗೆದು, "ಎರಡೂ ಸೆಟ್ ಕೂಡೇ ತಗೊಂಡ್ರ ಎಷ್ಟು ಪರ್ಸೆಂಟ್ ಬಿಡ್ತಾರ, ಕೇಳ್ರಿ" ಅಂದರು.