ಅರಿಯದೆ ಆದ ನಾಯಕ

ಹಳೆಯ ಕ್ರಿಕೆಟ್ ಅಂಕಪಟ್ಟಿಗಳನ್ನು ಪಂಚಾಂಗದಷ್ಟೇ ಶ್ರದ್ಧೆಯಿಂದ ಓದುವ ಚಟ ನನಗಿದೆ. ಇಂಗ್ಲೆಂಡಿನ ಟೆಸ್ಟ್ ನಾಯಕರ ಪಟ್ಟಿಯಲ್ಲಿ ಕಣ್ಣು ಪ್ರತಿಸಲವೂ ಮಾಂಟಿ ಬೌಡನ್ ಎಂಬ ಹೆಸರಿನ ಬಳಿ ತಡೆದು ನಿಲ್ಲುತ್ತದೆ. ಆಡಿದ್ದು ಎರಡು ಟೆಸ್ಟ್, ನಾಯಕತ್ವ ಒಂದರಲ್ಲಿ, ಒಟ್ಟು ಗಳಿಕೆ 25 ರನ್. ಆದರೂ 23 ವರ್ಷ 144 ದಿನಗಳ ವಯಸ್ಸಿಗೆ ತಂಡವನ್ನು ಮುನ್ನಡೆಸಿದ ಅವನೇ ಇಂದಿಗೂ ಆ ದೇಶದ ಅತಿ ಕಿರಿಯ ಟೆಸ್ಟ್ ನಾಯಕ.

ಸರ್ರೆ ಕೌಂಟಿಯ ವಿಕೆಟ್‌ಕೀಪರ್ ಆಗಿದ್ದ ಬೌಡನ್, 1888ರ ಕೊನೆಗೆ ಮೇಜರ್ ವಾರ್ಟನ್ ಕಟ್ಟಿದ ತಂಡದೊಂದಿಗೆ ದಕ್ಷಿಣ ಆಫ್ರಿಕಕ್ಕೆ ಹೋದ. ಪಳಗಿದ ವೃತ್ತಿ ಆಟಗಾರರೂ ಬಿಡುವಿಗೆ ಬ್ಯಾಟ್ ಹಿಡಿಯುವ ಹವ್ಯಾಸಿಗಳೂ ಬೆರೆತಿದ್ದ ಅದನ್ನು ದೇಶದ ತಂಡವೆನ್ನಲು ನನಗಂತೂ ಧೈರ್ಯವಿಲ್ಲ. ನಾಯಕ ಆಬ್ರಿ ಸ್ಮಿತ್, ಮುಂದೆ ದಪ್ಪ ಮೀಸೆಯ ಇಂಗ್ಲಿಷ್ ಯಜಮಾನರ ಪಾತ್ರಗಳಿಂದ ಹಾಲಿವುಡ್‌ನಲ್ಲಿ ಹೆಸರಾದವನು. ಅವನು ಜ್ವರದಿಂದ ಮಲಗಿದ್ದರಿಂದ, 1889ರ ಮಾರ್ಚ್ 25ರಂದು ಕೇಪ್‌ಟೌನ್‌ನಲ್ಲಿ ತಂಡದ ಹೊಣೆ ಬೌಡನ್ನನ ಹೆಗಲೇರಿತು. ಹೊಣೆಯೆಂದರೂ ಜಾನಿ ಬ್ರಿಗ್ಸ್‌ನ ಕೈಗೆ ಚೆಂಡು ಕೊಟ್ಟು ನೋಡುತ್ತಾ ನಿಂತರೆ ಸಾಕಿತ್ತು: ಬ್ರಿಗ್ಸ್ 28 ರನ್ನಿಗೆ ಉರುಳಿಸಿದ 15 ಮಂದಿಯಲ್ಲಿ 14 ಮಂದಿ ಬೌಲ್ಡ್. ಎದುರಾಳಿಗಳು ಎರಡು ಇನಿಂಗ್ಸ್‌ಗಳಲ್ಲಿ 47ಕ್ಕೂ 43ಕ್ಕೂ ಮುಗಿದುಹೋದರು. ಪಂದ್ಯ ಎರಡೇ ದಿನಕ್ಕೆ ಮುಗಿಯಿತು.

ಉಳಿದವರು ಊರಿಗೆ ಮರಳಿದರೂ ಸ್ಮಿತ್ ಮತ್ತು ಬೌಡನ್ ಚಿನ್ನದ ಗುಂಗಿನಲ್ಲಿದ್ದ ಜೋಹಾನ್ಸ್‌ಬರ್ಗ್‌ನಲ್ಲಿ ಷೇರು ದಲ್ಲಾಳಿಗಳಾಗಿ ನೆಲೆನಿಂತರು. 1890ರಲ್ಲಿ ದಕ್ಷಿಣ ಆಫ್ರಿಕದ ದೇಶೀ ಪಂದ್ಯಾವಳಿಯಾದ ಕರಿ ಕಪ್‌ನ ಮೊಟ್ಟಮೊದಲ ಪಂದ್ಯದಲ್ಲಿ ಟ್ರಾನ್ಸ್‌ವಾಲ್ ಪರ ಬೌಡನ್ ಔಟಾಗದೆ 126 ರನ್ ಹೊಡೆದ. ಅದೇ ವರ್ಷ ಬ್ರಿಟಿಷ್ ಸಾಮ್ರಾಜ್ಯವಾದಿ ಸೆಸಿಲ್ ರೋಡ್ಸ್‌ನ ದಂಡಿನೊಡನೆ, ಇಂದಿನ ಜಿಂಬಾಬ್ವೆಯಲ್ಲಿರುವ ಮಶೋನಾ ನಾಡಿಗೆ ಹೊರಟ. ಬೇರೆಯವರ ನೆಲವನ್ನು ತಮ್ಮದೆಂದು ಗುರುತು ಹಾಕಿಕೊಳ್ಳಲು ಹೊರಟ ಆ ದಂಡಿಗೆ ಕ್ರಿಕೆಟ್ಟಿಗನೊಬ್ಬ ಸೇರಿದ್ದನ್ನು ಸಾಹಸವೆಂದು ಹೊಗಳಲು ನನಗೆ ಮನಸ್ಸಾಗುವುದಿಲ್ಲ.

1892ರ ಫೆಬ್ರವರಿಯಲ್ಲಿ, ಇಂದಿನ ಜಿಂಬಾಬ್ವೆಯ ಉಮ್ಟಾಲಿಯಲ್ಲಿ, 26ರ ಹರೆಯದಲ್ಲೇ ಅವನು ತೀರಿಕೊಂಡ. ಕೇಪ್‌ಟೌನ್‌ನ ಆ ಎರಡು ದಿನಗಳ ಆಟಕ್ಕೆ ಟೆಸ್ಟ್ ಎಂಬ ಮುದ್ರೆ ಬಿದ್ದದ್ದು ಆಮೇಲೆ. ತಾನು ಇಂಗ್ಲೆಂಡಿನ ಟೆಸ್ಟ್ ನಾಯಕನೆಂಬುದನ್ನು ಅರಿಯದೆಯೇ ಹೋದ ಅವನಿಗೆ ಶವಪೆಟ್ಟಿಗೆ ಮಾಡಲು ಅಲ್ಲಿ ಸಿಕ್ಕಿದ್ದು ವಿಸ್ಕಿ ತುಂಬಿ ಬಂದಿದ್ದ ಪೆಟ್ಟಿಗೆಗಳ ಹಲಗೆಗಳು ಮಾತ್ರ ಎನ್ನುತ್ತಾರೆ.